ಗೆದ್ದೆತ್ತಿನ ಬಾಲ ಹಿಡಿದ ಊರು

ನಮ್ಮೂರು ಯಾರಿಗೆ ಓಟು ಹಾಕುತ್ತದೋ ದೆಹಲಿಯಲ್ಲಿ ಅವರದೇ ಸರ್ಕಾರ. ಇದು ನನ್ನ ಮಾತಲ್ಲ. ಮೊದಲು ನಮ್ಮ ಮಾವ ಹೇಳಿದರು, ಮಾವ ಹೇಳಿದ್ದನ್ನು ಊರು ಹೇಳಿತು, ಊರು ಹೇಳಿದ್ದನ್ನು ಟೀವಿಯವರು ಹೇಳಿದರು. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ನಮ್ಮೂರು ಕಂಡರೆ ಕಂಡೀತು. ಒಮ್ಮೆ ಕೆಮ್ಮಿ ಮುಗಿಸುವುದರೊಳಗೆ ಹಿಂದೆ ಹೋಗಿರುತ್ತದೆ. ಇರುವುದೊಂದೇ ಬೂತು, ಅದೂ ಶಾಲೆಯ ಒಂದು ಕೋಣೆಯಲ್ಲಿ. ಆದರೂ ಲೋಕಸಭೆ ಚುನಾವಣೆ ಬಂತೆಂದರೆ ಸರ್ವೆಯವರು ಕೊಪ್ಪಳದ ಲಾಡ್ಜಿನಲ್ಲಿ ಇಳಿದುಕೊಂಡು, ಕಾರು ಮಾಡಿಕೊಂಡು, ದಾರಿ ಕೇಳಿಕೊಂಡು ಬರುತ್ತಿದ್ದರು. ಊರಿಗೆ ಡಾಕ್ಟರು ಬರುತ್ತಿರಲಿಲ್ಲ, ಲೈನ್‌ಮನ್ ಬರುತ್ತಿರಲಿಲ್ಲ, ಇವರು ಮಾತ್ರ ಬರುತ್ತಿದ್ದರು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ತವರು ಕಾರಟಗಿ. ಅಲ್ಲಿ ಕಾಲುವೆ ನೀರು, ನೆಲ್ಲು, ಹಗಲೆಲ್ಲ ರೈಸ್‌ಮಿಲ್ಲಿನ ಸದ್ದು. ಇಲ್ಲಿ ಜೋಳ, ತೊಗರಿ, ಈಚೆಗೆ ಅಲ್ಲಲ್ಲಿ ದಾಳಿಂಬೆ. “ಅನ್ನ ಉಂಡು ಬೆಳದಾಕಿ, ಇಕಿಗೆ ರೊಟ್ಟಿ ಬಡಿಯಾಕ ಎಲ್ಲಿ ಬರ್ತದ” ಎಂದು ಅತ್ತೆ ಮೊದಲ ವರ್ಷವಿಡೀ ಬಂದವರಿಗೆಲ್ಲ ಹೇಳಿದರು. ರೊಟ್ಟಿ ಬಡಿಯುವುದನ್ನು ಕಲಿತೆ. ಸುಮ್ಮನಿರುವುದನ್ನು ಕಲಿಯಲಿಲ್ಲ.

ಮಾವನಿಗೆ ಊರಿನಲ್ಲಿ ‘ಗಾಳಿ ಬಲ್ಲವರು’ ಎಂಬ ಹೆಸರು. ಅವರು ಗಾಳಿ ತಿಳಿಯುವ ರೀತಿಯೂ ಒಂದು ಪದ್ಧತಿಯಾಗಿತ್ತು. ಚುನಾವಣೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಹೊರಡುತ್ತಿದ್ದರು. ಮೊದಲು ಕುಷ್ಟಗಿ, ಅಲ್ಲಿಂದ ಗಂಗಾವತಿ, ಅಲ್ಲಿಂದ ಕೊಪ್ಪಳ, ಬರುವಾಗ ಯಲಬುರ್ಗಾ. ಪ್ರತಿ ಊರಿನ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಕೂತು ಒಂದು ಚಹಾ ಹೇಳುವುದು. ತಾವು ಬಾಯಿ ಬಿಡುವುದಿಲ್ಲ. ಪಕ್ಕದ ಟೇಬಲ್ಲಿನವರು ಏನು ಮಾತಾಡುತ್ತಾರೆ, ಯಾರ ಹೆಸರಿಗೆ ಸಿಟ್ಟು ಬರುತ್ತದೆ, ಯಾರ ಹೆಸರಿಗೆ ನಗು ಬರುತ್ತದೆ ಎಂದು ಕೇಳಿಸಿಕೊಳ್ಳುವುದು. ಚಹಾ ಆರಿದರೂ ಏಳುತ್ತಿರಲಿಲ್ಲ. ನಾಲ್ಕೂ ಊರಿನ ಚಹಾ ಮುಗಿಸಿ ಬಂದ ಮರುದಿನ ಅಗಸಿ ಕಟ್ಟೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಹೇಳುವರು: “ಈ ಸಲ ಇಂಥವರದು ಐತಿ. ನಾವೂ ಅತ್ತಾಗ ಹೋಗೂಣು.” ಊರು ಅತ್ತ ಹೋಗುತ್ತಿತ್ತು. ಎಣಿಕೆಯ ದಿನ ದೆಹಲಿಯೂ ಅತ್ತಲೇ ಇರುತ್ತಿತ್ತು. ಮಾವ ಮೀಸೆ ತೀಡುವರು.

ಇದರಲ್ಲಿ ಭವಿಷ್ಯ ಎಲ್ಲಿ ಬಂತು? ದೆಹಲಿ ಎತ್ತ ಹೊರಟಿದೆ ಎಂದು ಕೇಳಿಕೊಂಡು ಬಂದು ಅದರ ಹಿಂದೆ ಬೀಳುವುದು, ಆಮೇಲೆ ‘ನಾವು ಹೋದಲ್ಲೇ ದೆಹಲಿ ಬಂತು’ ಎನ್ನುವುದು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ನನ್ನ ತವರಿನಲ್ಲಿ ಇದಕ್ಕೇ ಹೇಳುತ್ತಾರೆ. ಒಮ್ಮೆ ಗಂಡನ ಮುಂದೆ ಹೀಗೇ ಅಂದೆ. ಅವರಿಗೆ ನಗು ಬಂತು. ಆದರೆ ಅಪ್ಪ ಕೇಳಿಸಿಕೊಂಡಾರು ಎಂದು ಬಾಗಿಲ ಕಡೆ ನೋಡಿದರು. ಒಳ್ಳೆಯ ಮನುಷ್ಯ. ಬಾಗಿಲ ಕಡೆ ನೋಡುವುದೊಂದೇ ಅವರ ಕೆಟ್ಟ ಚಾಳಿ.

ಮಾತು ಇಷ್ಟರಲ್ಲೇ ಇದ್ದಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆದರೆ ಹೋದ ಲೋಕಸಭೆ ಚುನಾವಣೆಯ ಹೊತ್ತಿಗೆ ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಮುಂದಿನ ಓದಿಗೆ ಕುಷ್ಟಗಿಯ ಕಾಲೇಜಿಗೆ ಹೋಗಬೇಕು. ಕಾಲೇಜು ದೂರವೇನಲ್ಲ. ದೂರ ಇದ್ದದ್ದು ಬಸ್ಸು. ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಬಸ್ಸು ಹೋಗುವುದು ಕಣ್ಣಿಗೆ ಕಾಣುತ್ತದೆ, ಧೂಳು ಮೂಗಿಗೆ ಬರುತ್ತದೆ, ಆದರೆ ಅದು ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಊರಿನ ಹೆಂಗಸರೆಲ್ಲ ಆಧಾರ್ ಕಾರ್ಡು ಚೀಲದಲ್ಲಿಟ್ಟುಕೊಂಡು ರಸ್ತೆ ಬದಿ ನಿಂತರೂ, ಡ್ರೈವರ್ ನಮ್ಮನ್ನು ನೋಡಿ ಇನ್ನಷ್ಟು ಜೋರಾಗಿ ಹೊಡೆಯುತ್ತಿದ್ದ. ಟಿಕೆಟ್ಟಿಲ್ಲದ ಬಸ್ಸು, ನಿಲುಗಡೆಯೂ ಇಲ್ಲ.

ಮಾವ ಮೊಮ್ಮಗಳನ್ನು ಓದಿಸುವುದು ಬೇಡ ಎಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳ ಆಡಬಹುದಿತ್ತು. ಅವರು ಹೇಳಿದ್ದು ಇಷ್ಟೇ: “ಟಂಟಂ ಆಟೋದಾಗ ಗಂಡಸರ ನಡುವ ಒತ್ತಿಕೊಂಡು ಹುಡುಗಿ ಹೋಗೂದು ಬ್ಯಾಡ. ಬಸ್ ನಿಂತ್ರ ಹೋಗ್ಲಿ.” ಬಸ್ಸು ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅತ್ತೆ ಆಗಲೇ ಗಜೇಂದ್ರಗಡದ ಕಡೆಯ ಯಾವುದೋ ವರನ ಮನೆಯ ಮಾತು ಎತ್ತಲು ಶುರು ಮಾಡಿದ್ದರು. ಮಗಳು ನನ್ನ ಮುಖ ನೋಡುತ್ತಿದ್ದಳು.

ಬಸ್ಸನ್ನು ನಾವು ಕೇಳಿರಲಿಲ್ಲವೆಂದಲ್ಲ. ದೆಹಲಿ ಚುನಾವಣೆಗೆ ಬಂದವರನ್ನು ಕೇಳಿದರೆ “ಬಸ್ಸು ಬೆಂಗಳೂರಿಗೆ ಸಂಬಂಧಪಟ್ಟದ್ದು” ಎನ್ನುವರು. ಬೆಂಗಳೂರು ಚುನಾವಣೆಗೆ ಬಂದವರನ್ನು ಕೇಳಿದರೆ “ನಿಮ್ಮದು ದೆಹಲಿ ಊರಲ್ರೀ, ನಿಮಗೇನು ಕಮ್ಮಿ” ಎಂದು ನಗುವರು. ನಾನು ಹೊಡೆದಂಗ ಮಾಡತೇನಿ, ನೀ ಅತ್ತಂಗ ಮಾಡು ಎನ್ನುವ ಆಟ. ಯೋಚಿಸಿದಷ್ಟೂ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಗೆಲ್ಲುವವನಿಗೆ ನಮ್ಮ ಊರಿನ ಓಟು ತಾನಾಗಿಯೇ ಬರುತ್ತದೆ, ಅದಕ್ಕಾಗಿ ಅವನು ಏನೂ ಮಾಡಬೇಕಿಲ್ಲ. ಸೋಲುವವನಿಗೆ ಎಂದೂ ಬರುವುದಿಲ್ಲ, ಅವನೂ ಏನೂ ಮಾಡಬೇಕಿಲ್ಲ. ನಾವು ಹೆಮ್ಮೆಯಿಂದ ತಲೆಯ ಮೇಲೆ ಹೊತ್ತಿದ್ದ ಕಿರೀಟದ ಸಲುವಾಗಿಯೇ ನನ್ನ ಮಗಳು ಮನೆಯಲ್ಲಿ ಕೂತಿದ್ದಳು. ಅದು ಹೊಳೆದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ.

ಆ ಸಲವೂ ಮಾವ ನಾಲ್ಕೂರಿನ ಚಹಾ ಕುಡಿದು ಬಂದರು. ಎರಡು ದಿನ ಬಿಟ್ಟು ಟೀವಿಯವರ ವ್ಯಾನು ಬಂತು. ಬಿಸಿಲು ರಣಗುಟ್ಟುತ್ತಿತ್ತು. ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ಬಂದವರಿಗೆ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ. ಮೈಕು ಹಿಡಿದ ಹುಡುಗಿ ಬೆಂಗಳೂರಿನವಳು; ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡರೂ ಬಿಡಲಿಲ್ಲ. ಅವಳ ಮೇಲೆ ನನಗೆ ಪ್ರೀತಿಯೇ ಬಂತು.

ಮಾವ ಕ್ಯಾಮೆರಾ ನೋಡಿ, ಈ ಸಲ ಯಾರದು ಎಂದು ಹೇಳಿ ಮುಗಿಸಿದರು. ಕಟ್ಟೆಯ ಗಂಡಸರು ಹೌದು ಹೌದೆಂದರು. ಆಗ ಆ ಹುಡುಗಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಮೈಕು ಚಾಚಿ, “ಅಮ್ಮಾ, ನಿಮ್ಮ ಓಟು ಯಾರಿಗೆ?” ಎಂದಳು. ಹಿಂದಿನ ಸರ್ವೆಯವರೂ ಹೀಗೇ ಕೇಳುತ್ತಿದ್ದರು. ನಾವು ಬಾಯಿ ತೆರೆಯುವುದರೊಳಗೆ ಯಾರೋ ಗಂಡಸು ಉತ್ತರ ಕೊಟ್ಟಿರುತ್ತಿದ್ದ. ಅದನ್ನೇ ನಮ್ಮ ಉತ್ತರವೆಂದು ಬರೆದುಕೊಂಡು ಹೋಗುತ್ತಿದ್ದರು. ಒಬ್ಬೊಬ್ಬ ಗಂಡಸನ್ನು ಎರಡೆರಡು ಸಲ ಕೇಳಿ, ಅದಕ್ಕೆ ಸರ್ವೆ ಎಂದು ಹೆಸರಿಡುತ್ತಿದ್ದರು.

ಈಗಲೂ ಹಾಗೇ ಆಯಿತು. ಮಾವ ಕೂತಲ್ಲಿಂದಲೇ, “ಅಕೀದೇನು ಕೇಳ್ತೀಯವಾ ತಂಗಿ, ನಮ್ಮ ಮನ್ಯಾಗ ಏಳು ಓಟ ಅದಾವ, ಏಳೂ ಒಂದ ಕಡೆ” ಎಂದರು.

“ಆರು ಅನ್ರಿ ಮಾವಾರ” ಎಂದೆ.

ಅದು ಹೇಗೆ ಬಾಯಿಗೆ ಬಂತೋ ಬಂತು. ಜೋರಾಗಿ ಹೇಳಲಿಲ್ಲ. ಆದರೆ ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು.

“ಅಂದರೆ ನೀವು ಬೇರೆಯವರಿಗೆ ಹಾಕುತ್ತೀರಾ?” ಹುಡುಗಿಯ ಕಣ್ಣು ಅಗಲವಾದವು.

“ಬ್ಯಾರೆಯವರಿಗೆ ಅಂತ ನಾ ಎಲ್ಲಿ ಅಂದೆನ್ರಿ? ಯಾರಿಗೆ ಅಂತ ನಾನೂ ಇನ್ನೂ ವಿಚಾರ ಮಾಡಿಲ್ಲ. ಮಾಡಿದ ಮ್ಯಾಲೂ ಹೇಳಂಗಿಲ್ಲ. ಆದ್ರ ಮಾವಾರ ಲೆಕ್ಕದಾಗ ನಂದು ಹಿಡೀಬ್ಯಾಡ್ರಿ.”

ಸಂಜೆಯ ಸುದ್ದಿಯಲ್ಲಿ ಮಾವನಿಗಿಂತ ಹೆಚ್ಚು ಹೊತ್ತು ನಾನೇ ಕಾಣಿಸಿಕೊಂಡೆ. ಮರುದಿನದಿಂದ ಮಾವ ನಾನು ಬಡಿದ ರೊಟ್ಟಿ ಮುಟ್ಟಲಿಲ್ಲ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಬಡಿದರೆ ಉಣ್ಣುವರು. ಎರಡೂ ಒಂದೇ ಹಿಟ್ಟು, ಒಂದೇ ಹಂಚು. ಗಂಡ ಹಿತ್ತಲಿಗೆ ಕರೆದು, “ಟೀವ್ಯಾಗ ಅನ್ನಬೇಕಾಗಿತ್ತೇನು?” ಎಂದರು. “ಮನ್ಯಾಗ ಅಂದಿದ್ರ ಯಾರು ಕೇಳ್ತಿದ್ರಿ?” ಎಂದೆ. ಅವರು ಬಾಗಿಲ ಕಡೆ ನೋಡಿದರು.

ನಳದ ಹತ್ತಿರ ಹೋದರೆ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು. ಬೈಯುತ್ತಾರೇನೋ ಎಂದುಕೊಂಡೆ. ಒಬ್ಬಳು ಮೆಲ್ಲಗೆ, “ಅಕ್ಕಾ, ನಿಮ್ಮ ಮಾವಾರು ಹೊಡೀಲಿಲ್ಲೇನು?” ಎಂದಳು. ಇಲ್ಲ, ನಾನು ಬಡಿದ ರೊಟ್ಟಿ ಮುಟ್ಟುತ್ತಿಲ್ಲ ಎಂದೆ. “ಅಷ್ಟೇನಾ ಹಂಗಾರ” ಎಂದಳು. ಎಲ್ಲರೂ ನಕ್ಕರು. ಆ ‘ಅಷ್ಟೇನಾ’ ಎಂಬ ಮಾತಿನಲ್ಲಿಯೇ ಎಲ್ಲ ಶುರುವಾಯಿತೆಂದು ನನಗೆ ಈಗ ಅನಿಸುತ್ತದೆ. ಇಷ್ಟು ವರ್ಷ ಹೆದರಿದ್ದು ರೊಟ್ಟಿ ಮುಟ್ಟದ ಮುನಿಸಿಗೆ.

ನಮ್ಮ ಓಣಿಯ ಹಿರಿಯಳೊಬ್ಬಳಿದ್ದಾಳೆ, ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತೇವೆ. ಆಕೆ ತುಂಬಿದ ಕೊಡವನ್ನು ಎತ್ತದೆ ಹಾಗೇ ನಿಂತು ಹೇಳಿದಳು: “ಮದ್ಲ ನಮ್ಮಪ್ಪ ಹೇಳಿದ ಕಡೆ ಹಾಕಿದೆ. ಆಮ್ಯಾಲ ಗಂಡ ಹೇಳಿದ. ಈಗ ಮಗ ಹೇಳ್ತಾನ. ಯಾರೂ ಹೇಳದಿದ್ರ ಯಾರಿಗೆ ಹಾಕಬೇಕು ಅಂತ ನಂಗ ಗೊತ್ತ ಇಲ್ಲ ನೋಡವಾ.”

“ಗೊತ್ತಿಲ್ಲಂದ್ರ ಅಲ್ಲೇ ನಿಂತು ವಿಚಾರ ಮಾಡು ದೊಡ್ಡವ್ವ. ಒಳಗೇನು ಯಾರೂ ಬರಂಗಿಲ್ಲ.”

ನಾನು ಯಾವ ಪಕ್ಷದ ಹೆಸರನ್ನೂ ಹೇಳಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ. ನಳದ ಹತ್ತಿರ ನಾವು ಒಪ್ಪಿಕೊಂಡದ್ದು ಒಂದೇ ಮಾತು: ಮನೆಯಲ್ಲಿ ಕೇಳುವುದಿಲ್ಲ, ಮನೆಗೆ ಬಂದು ಹೇಳುವುದಿಲ್ಲ. ಒಬ್ಬರನ್ನೊಬ್ಬರು ಕೂಡ ಕೇಳುವುದಿಲ್ಲ.

ನಮ್ಮೂರಲ್ಲಿ ಓಟಿನ ದಿನದ ರಿವಾಜು ಹೇಗೆಂದರೆ, ಗಂಡಸರು ಬೆಳಿಗ್ಗೆಯೇ ಹಾಕಿ ಬಂದು ರಸ್ತೆಯಾಚೆಯ ಕಟ್ಟೆಯ ಮೇಲೆ ಕೂಡುತ್ತಾರೆ. ಹೆಂಗಸರು ಅಡುಗೆ ಮುಗಿಸಿ ಗುಂಪಾಗಿ ಹೋಗುತ್ತಾರೆ. ಹೊರಗೆ ಬಂದವಳ ಕಡೆ ಅವಳ ಮನೆಯವರು ಗದ್ದ ಎತ್ತಿ ‘ಏನಾತು?’ ಎಂಬಂತೆ ನೋಡುತ್ತಾರೆ. ಅವಳು ಸೆರಗು ಸರಿಮಾಡಿಕೊಂಡರೆ ‘ಹೇಳಿದ ಕಡೆಯೇ ಹಾಕಿದೆ’ ಎಂದು ಅರ್ಥ. ಯಾರು ಯಾವಾಗ ಶುರು ಮಾಡಿದ್ದೋ. ಆ ದಿನ ಮೊದಲು ಹೊರಬಂದವಳು ನೆಗೆಣ್ಣಿ. ಮೈದುನ ಗದ್ದ ಎತ್ತಿದ. ಆಕೆ ಸೆರಗು ಮುಟ್ಟಲಿಲ್ಲ, ಎರಡೂ ಕೈ ಕಟ್ಟಿಕೊಂಡು ಸೀದಾ ಮನೆಯ ದಾರಿ ಹಿಡಿದಳು. ಅವಳ ಹಿಂದೆ ಬಂದವಳೂ ಹಾಗೇ. ಅವಳ ಹಿಂದಿನವಳೂ. ಅತ್ತೆಯೂ ಕೈ ಕಟ್ಟಿಕೊಂಡೇ ಬಂದದ್ದನ್ನು ನೋಡಿ ನನಗೆ ಗಾಬರಿಯಾಯಿತು. ಅವರಿಗೆ ನಾನೇನೂ ಹೇಳಿರಲಿಲ್ಲ.

ದೊಡ್ಡವ್ವ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಸಾಲಿನಲ್ಲಿ ನಿಂತ ನಮಗೆಲ್ಲ ಒಳಗಿನ ಮಾತು ಕೇಳಿಸುತ್ತಿತ್ತು. ಅಧಿಕಾರಿ, “ಅಜ್ಜೀ, ಆಯ್ತಾ? ಬಟನ್ ಒತ್ತಿದಿರಾ?” ಎಂದು ಕೂಗಿದರು.

“ತಡೀಯಪಾ, ವಿಚಾರ ಮಾಡಾಕ ಹತ್ತೀನಿ.”

ಸ್ವಲ್ಪ ಹೊತ್ತಿಗೆ ಮಷಿನು ಸದ್ದು ಮಾಡಿತು. ಆಕೆ ಹೊರಗೆ ಬಂದಾಗ ಮುಖ ಬೆವರಿತ್ತು. ಕಟ್ಟೆಯ ಮೇಲಿದ್ದ ಮಗನ ಕಡೆ ತಿರುಗಿಯೂ ನೋಡಲಿಲ್ಲ.

ಎಣಿಕೆಯ ದಿನ ಮಾವ ಬೆಳಿಗ್ಗೆಯಿಂದ ಟೀವಿ ಮುಂದೆ. ದೆಹಲಿ ಅವರು ಹೇಳಿದ ಕಡೆಯೇ ಹೊರಟಿತ್ತು. ಮಧ್ಯಾಹ್ನದ ಹೊತ್ತಿಗೆ ಎಣಿಕೆ ಕೇಂದ್ರದಲ್ಲಿ ಕೂತಿದ್ದ ನಮ್ಮ ಕಡೆಯ ಏಜೆಂಟನ ಫೋನು ಬಂತು. ನಮ್ಮ ಬೂತು ಇನ್ನೊಂದು ಕಡೆ ಹೋಗಿತ್ತು. “ಅದು ನಮ್ಮ ಬೂತ್ ಇರಲಿಕ್ಕಿಲ್ಲ, ಇನ್ನೊಮ್ಮೆ ನೋಡು” ಎಂದರು ಮಾವ. ಅವನು ಇನ್ನೊಮ್ಮೆ ನೋಡಿದ. ಮಾವ ಟೀವಿ ಬಂದ್ ಮಾಡಿ, ಟವೆಲ್ಲನ್ನು ಮುಖದ ಮೇಲೆ ಹೊದ್ದು ಮಲಗಿದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಸೊಂಟದಲ್ಲಿ ಬಸ್ಸಿನ ನೋವು ಇಟ್ಟುಕೊಂಡು ನಾಲ್ಕು ಊರು ಸುತ್ತಿ ಬಂದಿದ್ದರು. ಆ ಹೋಟೆಲುಗಳಲ್ಲಿ ಅವರು ಕೇಳಿಸಿಕೊಂಡದ್ದೆಲ್ಲ ಗಂಡಸರ ಮಾತು; ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ರಾಜಕೀಯ ಮಾತಾಡುವ ಹೆಂಗಸು ಯಾವ ಊರಲ್ಲಿದ್ದಾಳೆ? ಅರ್ಧ ಗಾಳಿ ಅವರ ಅಡುಗೆಮನೆಯಲ್ಲೇ ಬೀಸುತ್ತಿತ್ತು.

ಊರಿನ ಗಂಡಸರು ಮಾತ್ರ ಬಿಡಲಿಲ್ಲ. ‘ಕಾರಟಗಿಯಾಕಿ ಊರ ಮಾನ ಕಳದ್ಳು’ ಎಂದು ಕಟ್ಟೆಯ ಮೇಲೆ ಮಾತಾಯಿತು. ಊರಿಗೇ ಕೆಟ್ಟ ಹೆಸರು ತರುವಷ್ಟು ಭಾರ ನನ್ನ ಒಂದು ಓಟಿಗೆ ಇದೆಯೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅಂದು ನಾನು ಯಾರಿಗೆ ಒತ್ತಿದೆನೆಂದು ಯಾರಿಗೂ ಗೊತ್ತಿಲ್ಲ. ಮಾವ ಹೇಳಿದವರಿಗೇ ಒತ್ತಿರಲೂಬಹುದು. ಇಲ್ಲಿಯೂ ಅದನ್ನು ಬರೆಯುವುದಿಲ್ಲ.

ಅದಾದ ವಾರದೊಳಗೆ ದೆಹಲಿಯಲ್ಲಿ ಗೆದ್ದ ಪಕ್ಷದ ತಾಲೂಕಿನ ಮುಖಂಡ ಬಿಳಿ ಗಾಡಿಯಲ್ಲಿ ಬಂದ. ಗೆದ್ದ ಮೇಲೆ ಯಾರಾದರೂ ನಮ್ಮೂರಿಗೆ ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು. ಮಾವನ ಎದುರು ಕೂತು ದನಿ ತಗ್ಗಿಸಿ, “ಯಜಮಾನ್ರ, ಯಾಕ ಹಿಂಗಾತು? ನಮ್ಮಿಂದೇನು ತಪ್ಪಾಗೇತಿ ಹೇಳ್ರಿ” ಎಂದ.

ನಾನು ಒಳಗೆ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದೆ. ಸರ್ವೆಯವರು, ಟೀವಿಯವರು, ಪಕ್ಷದವರು, ಇಷ್ಟು ವರ್ಷ ಬಂದವರೆಲ್ಲ ನಮ್ಮನ್ನು ‘ಯಾರಿಗೆ’ ಎಂದು ಕೇಳಿದ್ದರು. ‘ಯಾಕೆ’ ಎಂದು ಕೇಳಿದವನು ಇವನೊಬ್ಬನೇ.

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, “ನನ್ನ ಕೇಳಬ್ಯಾಡಪಾ. ನಂಗ ಗೊತ್ತಿಲ್ಲ. ಒಳಗ ಅದಾರ, ಅವರನ್ನ ಕೇಳು” ಎಂದರು. ‘ನಂಗ ಗೊತ್ತಿಲ್ಲ’ ಎಂಬ ಮಾತು ಆ ಮನುಷ್ಯನ ಬಾಯಿಂದ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಚಹಾದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದೆ. “ಮುಂಜಾನಿ ಬಸ್ ನಿಲ್ಲಂಗಿಲ್ರಿ ನಮ್ಮೂರಾಗ” ಎಂದೆ.

ಅವನು ಕಾಯುತ್ತಾ ಕೂತ. ಮುಂದೆ ಇನ್ನೇನೋ ದೊಡ್ಡದು ಬರುತ್ತದೆ ಎಂದುಕೊಂಡಿರಬೇಕು.

“ಮತ್ತೇನ್ರೀ?”

“ಅಷ್ಟ. ಹುಡುಗ್ಯಾರು ಸಾಲಿ ಬಿಡಾಕ ಹತ್ಯಾರ. ಅದು ಬೆಂಗಳೂರಿಂದು, ಇದು ದಿಲ್ಲೀದು ಅಂತ ಹೇಳಬ್ಯಾಡ್ರಿ. ಕೇಳಿ ಕೇಳಿ ಸಾಕಾಗೇತಿ.”

ಮೂರು ದಿನ ಬಿಟ್ಟು ಇನ್ನೊಂದು ಪಕ್ಷದವನು ಹಾರ ತಂದ. ಯಾರಿಗೆ ಹಾಕಬೇಕೆಂದು ತಿಳಿಯದೆ ಮಾವನ ಕೊರಳಿಗೆ ಹಾಕಲು ಹೋದ. ಮಾವ ಹಿಂದೆ ಸರಿದರು. ಅವನಿಗೂ ಬಸ್ಸಿನ ಮಾತೇ ಹೇಳಿದೆವು. ಈ ಸಲ ಬಾಗಿಲಲ್ಲಿ ನಾನೊಬ್ಬಳೇ ಇರಲಿಲ್ಲ. ಓಣಿಯ ಹೆಂಗಸರು ಬಂದು ನಿಂತಿದ್ದರು. ಯಾರಿಗೆ ಹೆದರಿದರೋ, ಯಾರ ಫೋನು ಯಾರಿಗೆ ಹೋಯಿತೋ, ಬಸ್ಸು ನಿಲ್ಲಬೇಕೆಂದು ಹುಕುಂ ಆಯಿತು. ರಸ್ತೆಯ ಈ ಬದಿಗೆ ಒಂದು ಪಕ್ಷದವರು, ಆ ಬದಿಗೆ ಇನ್ನೊಂದು ಪಕ್ಷದವರು ತಮ್ಮಿಂದಲೇ ಬಸ್ಸು ಬಂತೆಂದು ಫ್ಲೆಕ್ಸು ಕಟ್ಟಿದರು. ಮೊದಲ ದಿನ ಬಸ್ಸು ಎರಡೂ ಫ್ಲೆಕ್ಸಿನ ನಡುವೆ ರೂಢಿಯಂತೆ ನಿಲ್ಲದೆ ಹೋಯಿತು. ಮರುದಿನ ನಾವೆಲ್ಲ ರಸ್ತೆಯ ನಡುವೆಯೇ ನಿಂತೆವು. ದೊಡ್ಡವ್ವ ಎಲ್ಲರಿಗಿಂತ ಮುಂದೆ. ಬ್ರೇಕಿನ ಸದ್ದಿಗೆ ನಾಯಿಗಳು ಎದ್ದು ಓಡಿದವು. ಕಂಡಕ್ಟರ್ ತಲೆ ಹೊರಹಾಕಿ ಬೈದ. ಅವನು ಬೈದು ಮುಗಿಸುವುದರೊಳಗೆ ಮಗಳು ಹತ್ತಿ ಕೂತಿದ್ದಳು. ಕಟ್ಟೆಯ ಮೇಲಿಂದ ಮಾವ ನೋಡುತ್ತಿದ್ದರು. ಆ ರಾತ್ರಿ ನಾನು ಬಡಿದ ರೊಟ್ಟಿ ಉಂಡರು. ಉಪ್ಪು ಕಮ್ಮಿ ಎಂದರು.

ಈಗ ಮಗಳು ಪಿಯುಸಿ ಮುಗಿಸಿದ್ದಾಳೆ. ಮೊನ್ನೆ ಅವಳ ಓಟಿನ ಕಾರ್ಡು ಬಂತು. ಚುನಾವಣೆ ಇನ್ನೂ ದೂರವಿದೆ. ಆದರೂ ಅದೇ ಸಂಜೆ ಒಲೆಯ ಮುಂದೆ ನಾವಿಬ್ಬರೇ ಇದ್ದಾಗ, ನನಗೆ ಹೇಳದೆ ಇನ್ಯಾರಿಗೆ ಹೇಳುತ್ತಾಳೆ ಎಂಬ ಧೈರ್ಯದಲ್ಲಿ ಕೇಳಿಬಿಟ್ಟೆ: “ಓಟ ಬಂದ್ರ ಯಾರಿಗೆ ಹಾಕ್ತಿ ತಾಯಿ?”

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ನೀ ಆವಾಗ ಯಾರಿಗೆ ಹಾಕಿದ್ದಿ, ಮದ್ಲ ಅದನ್ನ ಹೇಳವ್ವ.”

ನಾನು ಹೇಳಲಿಲ್ಲ.

“ಹಂಗಾರ ನನ್ನೂ ಕೇಳಬ್ಯಾಡ” ಎಂದಳು.

ಮೈಯೆಲ್ಲ ಉರಿಯಿತು. ಬಸ್ಸಿಗೆ ಅಡ್ಡ ನಿಂತವಳು ನಾನು, ಮೈಕಿನ ಮುಂದೆ ಮಾತಾಡಿದವಳು ನಾನು, ನನಗೇ ಹೇಳುವುದಿಲ್ಲವೆಂದರೆ ಏನರ್ಥ? ಇನ್ನೊಮ್ಮೆ ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೇಲೆ ನೀರು ಸವರತೊಡಗಿದಳು. ಮನೆಯಲ್ಲಿ ಈಗ ಎಂಟು ಓಟು. ಎಂಟೂ ಯಾವ ಕಡೆ ಎಂದು ಹೇಳಬಲ್ಲವರು ಯಾರೂ ಇಲ್ಲ, ನಾನೂ ಸೇರಿ.